ನಮ್ಮಣ್ಣನ ಬೂಟು

ಮಡಚಿ, ಅಂಚಿಗೆ ಅಂಟು ಸವರಿ, ಅಂಗೈಯಿಂದ ಒತ್ತಿ, ಒಳಗೆ ರೆಕಾರ್ಡು ತೂರಿಸಿ ಪಕ್ಕಕ್ಕಿಡುವುದು, ಆಮೇಲೆ ಇನ್ನೊಂದು. ಇದೊಂದನ್ನು ಮುಗಿಸಿ ಹೇಳಿಬಿಡುತ್ತೇನೆ ಎಂದು ಮರ್ವಿನ್ ಪ್ರತಿ ಸಲವೂ ಅಂದುಕೊಂಡ. ಮುಗಿದ ಕೂಡಲೇ ಕೈ ತಾನಾಗಿ ಮುಂದಿನ ಹಾಳೆಯ ಮೇಲೆ ಹೋಗಿರುತ್ತಿತ್ತು. ಫಿಂಟನ್‌ನ ಮನೆಯ ಅಡುಗೆಕೋಣೆಯ ತುಂಬ ಅಂಟಿನ ವಾಸನೆ. ಮೇಜಿನ ಆ ಬದಿಗೆ ಫಿಂಟನ್ ಎರಡು ಬೆರಳುಗಳಲ್ಲಿ ಮೇಜಿನಂಚನ್ನು ಬಡಿಯುತ್ತ ಕೂತಿದ್ದ. ಡ್ರಮ್ ಇಲ್ಲದ ಕಡೆಯಲ್ಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಈ ಬದಿಗೆ ಹಾಡುವವಳು ಓರ್ಲ, ಕತ್ತರಿಯಿಂದ ತಾನೇ ಕತ್ತರಿಸಿಕೊಂಡ ಕೂದಲು, ಕಿವಿಯಲ್ಲಿ ಪಿನ್ನು. ಒಲೆಯ ಬಳಿ ಫಿಂಟನ್‌ನ ತಾಯಿ ಬ್ರೀಜ್. ಅವಳ ಮಡಿಲಲ್ಲೂ ಒಂದು ಕಟ್ಟು ಹಾಳೆ. ಮಾಡುಗಳ ಮೇಲೆ ಎಲ್ಲೋ ಸೇನೆಯ ಹೆಲಿಕಾಪ್ಟರ್ ನಿಂತಲ್ಲೇ ನಿಂತು ಗುರುಗುಡುತ್ತಿತ್ತು, ಹಲ್ಲುನೋವಿನ ಹಾಗೆ. ಬೆಲ್‌ಫಾಸ್ಟಿನಲ್ಲಿ ಆ ಸದ್ದು ನಿಂತಾಗ ಮಾತ್ರ ಜನ ತಲೆಯೆತ್ತಿ ನೋಡುತ್ತಿದ್ದರು. ಗೋಡೆಯ ಮೇಲೆ ಎದೆ ತೆರೆದು ಹೃದಯ ತೋರಿಸುವ ಯೇಸುವಿನ ಪಟ, ಅದರ ಕೆಳಗೆ ಸದಾ ಉರಿಯುವ ಕೆಂಪು ಬಲ್ಬು. ಅಂಥ ಪಟವಿರುವ ಮನೆಯಲ್ಲಿ ನೀರೂ ಮುಟ್ಟಬಾರದು ಎಂದು ಮರ್ವಿನ್‌ನ ಅಜ್ಜಿ ಹೇಳುತ್ತಿದ್ದಳು. ಪ್ರಾಟೆಸ್ಟಂಟರ ಬೀದಿಯಿಂದ ಈ ಕ್ಯಾಥೊಲಿಕ್ ಮನೆಗೆ ಮೊದಲ ಸಲ ಬಂದ ದಿನ ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿದರೆ ಏನಾದರೂ ಆಗುತ್ತದೋ ಎಂಬಂತೆ ಕೂತಿದ್ದನ್ನು ಬ್ರೀಜ್ ನೋಡಿದ್ದಳು. ‘ಕುಡಿ ಮಗಾ, ವಿಷ ಸೋಮವಾರ ಮಾತ್ರ ಹಾಕೋದು’ ಅಂದಿದ್ದಳು. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

‘ನಿನ್ನ ಮುಖ ಯಾಕೆ ಸತ್ತ ಮೀನಿನ ಹಾಗಿದೆ?’ ಓರ್ಲ ಕೇಳಿದಳು. ‘ಕೊನೆಗೂ ನಮ್ಮ ರೆಕಾರ್ಡು ಬಂದಿದೆ ಕಣೋ. ನಗು.’

‘ಅವನು ನಗೋದು ಗಿಟಾರಿನ ತಂತಿ ಹರಿದಾಗ ಮಾತ್ರ,’ ಅಂದ ಫಿಂಟನ್.

ಮರ್ವಿನ್ ನಕ್ಕ. ಈಗ ಹೇಳಬೇಕು. ಏನೆಂದು? ಫಿಂಟನ್, ಒಂದೆರಡು ವಾರ ಎಲ್ಲಾದರೂ ಹೋಗಿರು, ಡೆರಿಯಲ್ಲಿ ನಿನ್ನ ಚಿಕ್ಕಪ್ಪ ಇದ್ದಾನಲ್ಲ, ಅಲ್ಲಿಗೆ. ಯಾಕೆ ಅನ್ನುತ್ತಾನೆ. ಆಗ ಯಾಕೆ ಎಂದು ಹೇಳಬೇಕು. ಆ ‘ಯಾಕೆ’ಯ ಆಚೆಗೆ ಅವನ ಬುದ್ಧಿ ಹೋಗುತ್ತಲೇ ಇರಲಿಲ್ಲ; ಕಾಲಿಗೆ ಹಗ್ಗ ಕಟ್ಟಿದ ದನದಂತೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಇನ್ನೊಂದು ಹಾಳೆ ಎತ್ತಿಕೊಂಡ. ಮುಂಬದಿಯಲ್ಲಿ ಮೂವರೂ ಒಂದು ಗೋಡೆಗೆ ಒರಗಿ ನಿಂತ ಚಿತ್ರ, ಜೆರಾಕ್ಸಿನಲ್ಲಿ ಮುಖಗಳು ಮಸಿ ಬಳಿದಂತೆ ಬಂದಿದ್ದವು. ಓರ್ಲ ಕತ್ತಿನಲ್ಲಿ ನೇತುಹಾಕಿಕೊಂಡದ್ದು ‘ವೆಟ್ ಪೇಂಟ್’ ಎಂಬ ಬೋರ್ಡು, ಬಣ್ಣ ಹಸಿಯಿದೆ ಮುಟ್ಟಬೇಡಿ ಎಂದು ಯಾರದೋ ಬಾಗಿಲಿಗೆ ಹಾಕಿದ್ದನ್ನು ಅವಳೇ ಕದ್ದು ತಂದದ್ದು. ತಂಡಕ್ಕೆ ಅದೇ ಹೆಸರಾಯಿತು. ಲಂಡನ್ನಿನ ಕಂಪನಿಗಳಿಗೆ ಕ್ಯಾಸೆಟ್ ಕಳಿಸೋಣ ಎಂದು ಮರ್ವಿನ್ ಅಂದಾಗ ಓರ್ಲ ಉಗಿದಿದ್ದಳು: ‘ಅವರ ಅಪ್ಪಣೆ ಯಾಕೆ ಬೇಕು? ಬೇಕರಿಯವನು ಬ್ರೆಡ್ಡು ಮಾಡೋಕೆ ಲಂಡನ್ನಿಗೆ ಕಾಗದ ಬರೀತಾನಾ?’ ರೇಡಿಯೊ ಜಾಹೀರಾತು ಮುದ್ರಿಸುವ ಕೋಣೆಯೊಂದರಲ್ಲಿ ಒಂದೇ ಮಧ್ಯಾಹ್ನ ಎರಡು ಹಾಡು ಬಾರಿಸಿದರು. ಎರಡನೆಯದರಲ್ಲಿ ಫಿಂಟನ್‌ನ ಕೋಲು ಜಾರಿಬಿದ್ದ ಸದ್ದೂ ಇತ್ತು. ಇರಲಿ ಬಿಡು, ಅದೇ ಚೆನ್ನಾಗಿದೆ ಎಂದರು. ಕವರಿನ ಹಿಂಬದಿಯಲ್ಲಿ, ಕೊಳ್ಳಬೇಕಾದವರು ಕಾಗದ ಬರೆಯಲಿ ಎಂದು ಒಂದು ವಿಳಾಸ. ಹಗಲು ಹೊತ್ತು ಮನೆಯಲ್ಲಿದ್ದು ಅಂಚೆ ತೆಗೆದುಕೊಳ್ಳುವವಳು ಬ್ರೀಜ್ ಒಬ್ಬಳೇ ಆದ್ದರಿಂದ ಈ ಮನೆಯದೇ: ಫಿಂಟನ್ ಲೊಕ್ರನ್, ಒಂಬತ್ತು, ಮೆಲ್ವಾ ಬೀದಿ. ಹೆಸರು ಓದಿದರೆ ಸಾಕು, ಜಾತಿ ಕೇಳಬೇಕಿಲ್ಲ.

ಬೆಳಿಗ್ಗೆ ವಿಕ್ಟರ್ ಅದನ್ನು ಓದಿದ್ದ. ಮರ್ವಿನ್ ಮಹಡಿಯಿಂದ ಇಳಿಯುವಾಗಲೇ ತನ್ನ ಗಿಟಾರಿನ ಸದ್ದು ಕೇಳಿ ಮೆಟ್ಟಿಲ ಮೇಲೆ ನಿಂತುಬಿಟ್ಟಿದ್ದ. ಅಮ್ಮ ಭಾನುವಾರ ಭಕ್ತಿಗೀತೆ ಹಾಕುವ ಪೆಟ್ಟಿಗೆಯ ಮೇಲೆ ಅಣ್ಣ ರೆಕಾರ್ಡು ತಿರುಗಿಸುತ್ತಿದ್ದ, ನಿನ್ನೆ ಮರ್ವಿನ್ ಹಾಸಿಗೆಯ ಕೆಳಗೆ ಅಡಗಿಸಿಟ್ಟದ್ದನ್ನು. ಓರ್ಲಳ ದನಿ ಚೀರುತ್ತಿತ್ತು: ನಮ್ಮಣ್ಣನ ಬೂಟು ಹೊಳೀತದೆ, ಹೊಳೀತದೆ, ಅದಕ್ಕಂಟಿದ ಹಲ್ಲು ಯಾರದು ಕೇಳಬ್ಯಾಡ. ವಿಕ್ಟರ್ ಸಾಸೇಜು ತಿನ್ನುತ್ತ ಕೇಳಿದ. ಹಾಡು ಮುಗಿಯುವವರೆಗೂ ಕೇಳಿದ. ಆಮೇಲೆ ಸೂಜಿಯನ್ನು ಮೆಲ್ಲಗೆ ಎತ್ತಿಟ್ಟ. ಒರಟು ಕೈಯವನು ಯಾವತ್ತೂ ಅಷ್ಟು ಮೆಲ್ಲಗೆ ಏನನ್ನೂ ಮುಟ್ಟಿದ್ದನ್ನು ಮರ್ವಿನ್ ಕಂಡಿರಲಿಲ್ಲ.

‘ಇದನ್ನ ಬರೆದವರು ಯಾರು?’

‘ನಾನಲ್ಲ.’

‘ನೀನು ಅಂತ ನಾನು ಅಂದ್ನಾ? ಯಾರು ಅಂತ ಕೇಳಿದೆ.’

‘ಫಿಂಟನ್.’

‘ಅವನಿಗೆ ಅಣ್ಣ ಇದ್ದಾನಾ?’

‘ಇಲ್ಲ.’

‘ಹಾಗಾದ್ರೆ ಯಾರ ಅಣ್ಣನ ಬೂಟಂತೆ ಇದು?’

ವಿಕ್ಟರ್ ಕವರನ್ನು ತಿರುಗಿಸಿ ಹಿಂಬದಿ ನೋಡಿದ. ‘ಮೆಲ್ವಾ ಬೀದಿ,’ ಅಂದ. ‘ದೊಡ್ಡ ರಸ್ತೆಯ ಮಗ್ಗುಲಿಗೇ.’ ಅಷ್ಟೇ. ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದು, ಅಮ್ಮನ ತಲೆಗೆ ಮುತ್ತಿಟ್ಟು ಹೊರಟುಹೋದ. ವಿಕ್ಟರ್ ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ ಕೂರುತ್ತಾನೆ ಎಂದು ಅವರ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನ ಅಂಗಿ ಒಗೆಯುವ ದಿನ ಅಮ್ಮ ಮೊದಲು ತಣ್ಣೀರಿನಲ್ಲಿ ನೆನೆಹಾಕುತ್ತಿದ್ದಳು. ಬಿಸಿನೀರಾದರೆ ಕಲೆ ಉಳಿಯುತ್ತದೆ.

ಫಿಂಟನ್‌ನ ಹೆಸರು ಹೇಳಿದ್ದು ಹೆದರಿ ಅಲ್ಲ ಎಂದು ಮರ್ವಿನ್ ಇಲ್ಲಿಗೆ ಬರುವ ದಾರಿಯುದ್ದಕ್ಕೂ ತನಗೆ ತಾನೇ ವಾದಿಸಿದ್ದ. ಅಣ್ಣ ತನ್ನ ಮೇಲೆ ಯಾವತ್ತೂ ಕೈಯೆತ್ತಿದವನಲ್ಲ. ಹಾಗಿದ್ದರೆ ಯಾತಕ್ಕೆ? ಅಣ್ಣನಿಗೆ ನೋವಾಗುತ್ತದೆ ಎಂದೇ? ಪೇಟೆಯ ತಪಾಸಣೆಯ ಗೇಟಿನಲ್ಲಿ ಸೈನಿಕ ತೋಳೆತ್ತಿಸಿ ಮೈ ತಡವುವಾಗ, ಹಾಡಿನ ಸಾಲುಗಳನ್ನು ತಾನು ಬರೆದಿದ್ದ ರಾತ್ರಿಯ ಸುಖ ನೆನಪಾಯಿತು. ಎಷ್ಟು ಧೀರನಾಗಿದ್ದೆ ಆಗ, ಬಾಗಿಲು ಹಾಕಿಕೊಂಡು. ಆಚೆ ಕೋಣೆಯಲ್ಲಿ ವಿಕ್ಟರ್ ಗೊರಕೆ ಹೊಡೆಯುತ್ತಿದ್ದ.

‘ಅಮ್ಮಾ, ನಿನ್ನದು ಸೊಟ್ಟ ಆಯ್ತು,’ ಫಿಂಟನ್ ಅಂದ.

‘ನಿಮ್ಮ ಹಾಡೇ ಸೊಟ್ಟ. ಕವರು ನೆಟ್ಟಗಿದ್ದು ಏನಾಗಬೇಕು?’ ಬ್ರೀಜ್ ಹಾಳೆಯನ್ನು ದೂರ ಹಿಡಿದು ನೋಡಿದಳು. ‘ಆದ್ರೆ ಆ ಬೂಟಿನ ಹಾಡು ನನಗೆ ಹಿಡಿಸ್ತು. ಪಾತ್ರೆ ತೊಳೆಯುವಾಗ ಬಾಯಿಗೆ ಬಂದುಬಿಡ್ತದೆ, ಹಾಳಾದ್ದು. ಯಾರಪ್ಪಾ ಬರೆದದ್ದು?’

‘ಮರ್ವಿನ್,’ ಅಂದಳು ಓರ್ಲ. ‘ನೋಡೋಕೆ ಬೆಣ್ಣೆ. ಒಳಗೆಲ್ಲಾ ಬ್ಲೇಡು.’

‘ಹೌದಾ ಮಗಾ?’ ಬ್ರೀಜ್ ಅವನತ್ತ ತಿರುಗಿದಳು. ಅವಳ ಕಣ್ಣಲ್ಲಿ ಇದ್ದದ್ದು ಮೆಚ್ಚುಗೆ. ಅದನ್ನು ಎದುರಿಸಲಾರದೆ ಅವನು ಅಂಟಿನ ಡಬ್ಬಿಯೊಳಗೆ ನೋಡಿದ. ‘ಧೈರ್ಯ ಬೇಕು ಅಂಥದ್ದನ್ನ ಬರೆಯೋಕೆ. ನಿಮ್ಮ ಕಡೆಯವನಾಗಿ.’

ಈಗ, ಅಂದುಕೊಂಡ. ಬಾಯಿ ತೆರೆದ. ‘ಮಿಸೆಸ್ ಲೊಕ್ರನ್,’ ಅಂದ.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು, ಬಾಗಿಲ ಮೇಲೆ ಎರಡು ಬಡಿತ.

‘ಅಂಚೆಯವನು!’ ಫಿಂಟನ್ ಎದ್ದ. ‘ಮೊದಲನೇ ಗಿರಾಕಿ!’

‘ನಾನು ನೋಡ್ತೀನಿ,’ ಎಂದು ಮರ್ವಿನ್ ಅವನ ಎದೆಯ ಮೇಲೆ ಕೈಯಿಟ್ಟು ಕೂರಿಸಿದ. ಬೆಳಗಿನಿಂದ ಅವನು ಮಾಡಿದ ಮೊದಲ ಕೆಲಸ ಅದು. ಇಬ್ಬರು ಎದುರುಬದುರಾದರೆ ಭುಜ ತಾಗುವಷ್ಟು ಇಕ್ಕಟ್ಟಾದ ನಡುಹಾದಿಯಲ್ಲಿ ನಡೆಯುತ್ತ, ನಾನು ಬಾಗಿಲಲ್ಲಿ ನಿಂತರೆ ಯಾರೂ ಒಳಗೆ ಬರಲಾಗದು, ನಾನೇ ಬಾಗಿಲಾಗುತ್ತೇನೆ ಎಂದುಕೊಂಡ. ಹಾಗೆಂದುಕೊಂಡಾಗ ಎದೆ ಉಬ್ಬಿತು ಕೂಡ. ಚಿಲಕ ತೆಗೆದ.

ಸ್ಟಾನ್ಲಿ ನಿಂತಿದ್ದ. ವಿಕ್ಟರನ ಜೊತೆಗಾರ, ಚಿಕ್ಕಂದಿನಲ್ಲಿ ಮರ್ವಿನ್‌ಗೆ ಈಜು ಕಲಿಸಿದವನು, ಹೊಟ್ಟೆಯ ಕೆಳಗೆ ಕೈಯಿಟ್ಟು ತೇಲಿಸಿ ‘ಬಿಡಲ್ಲ, ಬಿಡಲ್ಲ’ ಎನ್ನುತ್ತಲೇ ಬಿಟ್ಟವನು. ಅವನ ಹಿಂದೆ ಮುಖಕ್ಕೆ ಮಫ್ಲರ್ ಸುತ್ತಿದ ಇನ್ನಿಬ್ಬರು. ಸ್ಟಾನ್ಲಿ ಮುಖ ಮುಚ್ಚಿಕೊಂಡಿರಲಿಲ್ಲ. ಕೈಯಲ್ಲಿ ಪಿಕಾಸಿಯ ಕಾವು, ಹೊಸದು, ಮರದ ಬಿಳುಪು ಇನ್ನೂ ಮಾಸದ್ದು.

‘ಪಕ್ಕಕ್ಕೆ ನಿಲ್ಲು ಮರ್ವಿನ್,’ ಅಂದ. ಗದರಿಸಲಿಲ್ಲ. ರಸ್ತೆ ದಾಟುವ ಮಗುವಿಗೆ ಹೇಳುವಂತೆ ಹೇಳಿದ.

ಮರ್ವಿನ್ ಪಕ್ಕಕ್ಕೆ ನಿಂತ. ನಿಂತ ಮೇಲೆಯೇ ತಾನು ನಿಂತದ್ದು ಅವನಿಗೆ ತಿಳಿದದ್ದು. ಬೆನ್ನು ಗೋಡೆಗೆ ಹತ್ತಿತ್ತು, ಹೊಟ್ಟೆ ಒಳಗೆಳೆದುಕೊಂಡಿತ್ತು, ಅವರು ಹೋಗಲು ಅನುಕೂಲವಾಗಲೆಂದು. ಮೂವರೂ ಅವನ ಮೈಗೆ ಉಜ್ಜಿಕೊಂಡು ಒಳಗೆ ಹೋದರು. ಕೊನೆಯವನು ‘ಸಾರಿ’ ಅಂದ.

ಆಮೇಲೆ ಆದದ್ದನ್ನು ಅವನು ಅಡುಗೆಕೋಣೆಯ ಬಾಗಿಲ ಚೌಕಟ್ಟಿನಲ್ಲಿ ನಿಂತು ನೋಡಿದ. ಮೇಜು ಮಗುಚಿತು. ರೆಕಾರ್ಡುಗಳು ನೆಲದ ತುಂಬ ಜಾರಿದವು, ಬೂಟುಗಳ ಕೆಳಗೆ ಹಪ್ಪಳದಂತೆ ಮುರಿದವು. ಓರ್ಲ ಒಬ್ಬನ ಮಣಿಕಟ್ಟಿಗೆ ಹಲ್ಲು ಊರಿ ಜೋತುಬಿದ್ದಳು. ಅವನು ಅವಳ ತಲೆಯನ್ನು ಬೀರುವಿಗೆ ಅಪ್ಪಳಿಸಿ ಬಿಡಿಸಿಕೊಂಡ. ಬ್ರೀಜ್ ಒಲೆಯ ಮೇಲಿನ ಕೆಟಲನ್ನೇ ಬೀಸಿದಳು. ಕುದಿನೀರು ಸ್ಟಾನ್ಲಿಯ ಕೊರಳಿಗೆ ಬಿತ್ತು. ಅವನು ಕೂಗಲಿಲ್ಲ, ಉಸಿರು ಮಾತ್ರ ಒಳಗೆಳೆದುಕೊಂಡ, ಹಿಂಗೈಯಿಂದ ಅವಳ ಬಾಯಿಗೆ ಹೊಡೆದ. ಇಬ್ಬರು ಫಿಂಟನ್‌ನನ್ನು ನೆಲಕ್ಕೆ ಒತ್ತಿ ಹಿಡಿದರು.

‘ಬರೆಯೋ ಕೈ ಯಾವುದು?’ ಸ್ಟಾನ್ಲಿ ಕೇಳಿದ.

‘ಏನು ಬರೆಯೋದು?’

‘ಬೂಟಿನ ಪದ್ಯ.’

ಫಿಂಟನ್ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದ. ಒಂದೇ ನೋಟ. ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ತಾಳ ಎಲ್ಲಿ ತಪ್ಪಿತೆಂದು ಹೊಳೆದಾಗ ಅವನು ಹೀಗೇ ನೋಡುತ್ತಿದ್ದ. ನಾನು ಬರೆದದ್ದು ಎಂದು ಹೇಳಲು ಮರ್ವಿನ್‌ಗೆ ಅಲ್ಲಿ ಬೇಕಾದಷ್ಟು ಹೊತ್ತಿತ್ತು.

‘ನಾನು ಬರೆಯೋದು ಕಾಲಲ್ಲಿ,’ ಅಂದ ಫಿಂಟನ್.

‘ಹಾಗಾದ್ರೆ ಕಾಲೂ ಆಗಲಿ,’ ಅಂದ ಸ್ಟಾನ್ಲಿ.

ಹಸಿ ಕಟ್ಟಿಗೆ ಒಡೆಯುವಾಗ ಇಂಥ ಸದ್ದು ಬರುವುದಿಲ್ಲ. ಒಣಗಿದ್ದು ಒಡೆದರೂ ಬರುವುದಿಲ್ಲ. ಬೇರೆ ಯಾವುದರ ಹಾಗೂ ಇಲ್ಲದ ಸದ್ದು ಅದು. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಮೊಣಕಾಲ ಚಿಪ್ಪು. ಫಿಂಟನ್ ಮೊದಲೆರಡು ಪೆಟ್ಟಿಗೆ ಕೂಗಿದ. ಮೂರನೆಯದಕ್ಕೆ ಅವನ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಮೆಲ್ವಾ ಬೀದಿಯ ಹೆಂಗಸರು ಕಸದ ತೊಟ್ಟಿಯ ಮುಚ್ಚಳಗಳನ್ನು ನೆಲಕ್ಕೆ ಬಡಿದು ಊರು ಎಬ್ಬಿಸುವ ಹೊತ್ತಿಗೆ ಮೂವರೂ ಹೊರಟಿದ್ದರು. ಸ್ಟಾನ್ಲಿ ಬೆಂದ ಕೊರಳನ್ನು ಹಿಡಿದುಕೊಂಡು ಹೋಗುತ್ತ, ಮರ್ವಿನ್‌ನ ಕೆನ್ನೆಯನ್ನು ಮೆಲ್ಲಗೆ ತಟ್ಟಿದ. ಎಲ್ಲರೂ ನೋಡುತ್ತಿದ್ದಂತೆ.

ಆಗ ಮರ್ವಿನ್‌ಗೆ ಕಾಲು ಬಂತು. ಓಡಿಹೋಗಿ ಫಿಂಟನ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತುಟಿ ಕಚ್ಚಿಕೊಂಡದ್ದರಿಂದ ಫಿಂಟನ್‌ನ ಬಾಯಲ್ಲಿ ರಕ್ತ. ಅದು ಮರ್ವಿನ್‌ನ ಅಂಗಿಗೆಲ್ಲ ಆಯಿತು. ‘ಮುಟ್ಟಬೇಡ ಅವನನ್ನ,’ ಎಂದಳು ಓರ್ಲ, ಹಣೆಯ ಗಾಯ ಒತ್ತಿಹಿಡಿದು. ‘ಹೊಡೆದವನು ಬಾಗಿಲಲ್ಲಿ ನಿನ್ನ ಹೆಸರು ಹಿಡಿದು ಕರೆದ. ನಾನು ಕೇಳಿಸ್ಕೊಂಡೆ. ನಿನ್ನ ಹೆಸರು ಹಿಡಿದು ಕರೆದ.’

ಮನೆಯೊಳಗೆ ಗಂಡಸರು ತುಂಬತೊಡಗಿದರು. ಆ ಬೀದಿಯನ್ನು ನೋಡಿಕೊಳ್ಳುವ ಬಂದೂಕಿನವರು; ವಿಕ್ಟರ್ ಆ ಕಡೆಗೆ ಏನೋ ಇವರು ಈ ಕಡೆಗೆ ಅದು. ಮುಂದಿದ್ದವನು ಬೋಳುತಲೆಯವನು, ಕೋಟಿನ ಕಿಸೆಯಿಂದ ಕೈ ತೆಗೆಯದವನು. ಕೋಣೆಯನ್ನೆಲ್ಲ ಒಮ್ಮೆ ನೋಡಿ, ಪೆಟ್ಟಾಗದ ಒಬ್ಬನೇ ಒಬ್ಬನ ಮೇಲೆ ಕಣ್ಣು ನಿಲ್ಲಿಸಿದ.

‘ಇವನ್ಯಾರು ಬ್ರೀಜ್?’

ಓರ್ಲ ಬಾಯಿ ತೆರೆದದ್ದನ್ನು ಮರ್ವಿನ್ ಕಂಡ. ಹೇಳಲಿ ಎಂದುಕೊಂಡ. ನಿಜವಾಗಿಯೂ ಹಾಗೆಂದುಕೊಂಡ: ಹೇಳಲಿ, ಹಿತ್ತಲಿಗೆ ಎಳೆದುಕೊಂಡು ಹೋಗಲಿ, ಅಲ್ಲಿಗೆ ಸರಿಹೋಗುತ್ತದೆ.

‘ನನ್ನ ತಂಗಿ ಮಗ,’ ಅಂದಳು ಬ್ರೀಜ್. ಅವಳ ಮೇಲ್ತುಟಿ ಸೀಳಿತ್ತು, ಮಾತು ಪಿಸುಗುಟ್ಟಿದಂತೆ ಬಂತು. ‘ನ್ಯೂರಿ ಊರಿನವನು. ಹೆಸರು ಮಾರ್ಟಿನ್.’

‘ಅವರಿಗೆ ಮನೆ ಹೇಗೆ ಸಿಕ್ತು?’

‘ರೆಕಾರ್ಡಿನ ಮೇಲೆ ಬರೆದಿದೆಯಲ್ಲ, ಕಣ್ಣಿದ್ದರೆ ಓದು. ನನ್ನ ಮಗನೇ ಹಾಕಿಸಿಕೊಂಡದ್ದು, ದಡ್ಡ. ಆಂಬುಲೆನ್ಸಿಗೆ ಯಾರಾದ್ರೂ ಫೋನು ಮಾಡಿದ್ರಾ, ಇಲ್ಲಾ ಎಲ್ಲರೂ ಇಲ್ಲೇ ನಿಂತು ಪೊಲೀಸರಾಗ್ತೀರಾ?’

ಆಂಬುಲೆನ್ಸು ಬಂದು ಫಿಂಟನ್‌ನನ್ನು ಎತ್ತಿಕೊಂಡಾಗ ಮರ್ವಿನ್ ಹಿಂದೆಯೇ ಹೊರಟ. ಬ್ರೀಜ್ ನಡುಹಾದಿಯಲ್ಲಿ ಅಡ್ಡ ನಿಂತಳು. ಮೇಲುಕೋಟು ತೊಡುತ್ತಿದ್ದಳು, ಗುಂಡಿ ತೂತಿಗೆ ಸಿಗುತ್ತಿರಲಿಲ್ಲ.

‘ಅವರಿಗೆ ನಿನ್ನ ಹೆಸರು ಹೇಗೆ ಗೊತ್ತು ಅಂತ ನಾನು ಕೇಳಲ್ಲ,’ ಅಂದಳು. ‘ಕೇಳಿದ್ರೆ ನೀನು ಹೇಳಿಬಿಡ್ತೀಯ. ಹೇಳಿದ ಮೇಲೆ ನಾನು ಆ ಬೋಳನನ್ನ ವಾಪಸ್ ಕರೀಬೇಕಾಗ್ತದೆ. ಇವತ್ತಿಗೆ ಒಬ್ಬರ ಮಗ ಸಾಕು. ಹೋಗು. ದೊಡ್ಡ ರಸ್ತೆಯವರೆಗೂ ಓಡಬೇಡ, ಓಡಿದ್ರೆ ಹಿಡೀತಾರೆ.’

ಅವನು ಓಡಲಿಲ್ಲ. ಬೀದಿಯ ಹೆಂಗಸರು ‘ಪಾಪ, ತಂಗಿ ಮಗನಂತೆ’ ಎಂದು ದಾರಿ ಬಿಟ್ಟರು. ಒಬ್ಬಳು ಅವನ ಕೈಗೆ ಕರ್ಚೀಫು ತುರುಕಿದಳು. ಯಾರಾದರೂ ಹೊಡೆಯಬಾರದೇ ಎಂದು ಅವನ ಮೈಯೆಲ್ಲ ಕಾಯುತ್ತಿತ್ತು. ಪೇಟೆಯ ಗೇಟಿನಲ್ಲಿ ಸರದಿ ಉದ್ದವಿತ್ತು, ಶನಿವಾರದ ಸಾಮಾನಿನ ಚೀಲಗಳು, ತಳ್ಳುಗಾಡಿಯಲ್ಲಿ ಅಳುವ ಮಗು. ಸೈನಿಕ, ತನ್ನದೇ ವಯಸ್ಸಿನವನು, ಅಂಗಿ ನೋಡಿ ಹುಬ್ಬೇರಿಸಿದ. ‘ರಕ್ತ ಯಾರದು?’

‘ನನ್ನ ಗೆಳೆಯಂದು.’

‘ನೀನು ಹೊಡೆದ್ಯಾ?’

ಮರ್ವಿನ್ ಯೋಚಿಸುತ್ತ ನಿಂತ. ಹಿಂದಿದ್ದ ಹೆಂಗಸು ಗೊಣಗಿದಳು. ‘ಹೋಗ್ತಾ ಇರು,’ ಎಂದು ಸೈನಿಕ ಭುಜ ಹಿಡಿದು ಮುಂದಕ್ಕೆ ತಳ್ಳಿದ, ಅದೂ ಮೆಲ್ಲಗೆ. ಎಲ್ಲರೂ ಎಷ್ಟು ಮೆತ್ತಗಿದ್ದರು ಇವತ್ತು ಅವನ ಪಾಲಿಗೆ. ಆರು ವರ್ಷದವನಿದ್ದಾಗ ಪಕ್ಕದ ಮನೆಯ ಕಿಟಕಿಯ ಗಾಜು ಒಡೆದು, ವಿಕ್ಟರ್ ಒಡೆದ ಎಂದು ಹೇಳಿದ್ದ. ಅಪ್ಪನ ಬೆಲ್ಟು ವಿಕ್ಟರನ ಬೆನ್ನ ಮೇಲೆ ಬೀಳುವಾಗ ವಿಕ್ಟರ್ ಅಲ್ಲವೆನ್ನಲಿಲ್ಲ. ಆ ರಾತ್ರಿ ಅಣ್ಣನ ಹಾಸಿಗೆಗೆ ನುಸುಳಿ ಅವನ ಬೆನ್ನಿಗೆ ಅಂಟಿಕೊಂಡು ಮಲಗಿದ್ದ; ಬರೆಗಳ ಬಿಸಿ ತನ್ನ ಹೊಟ್ಟೆಗೆ ತಾಗುತ್ತಿತ್ತು; ಚೆನ್ನಾಗಿ ನಿದ್ದೆ ಬಂದಿತ್ತು.

ಮನೆಯಲ್ಲಿ ಊಟದ ಹೊತ್ತು. ವಿಕ್ಟರ್ ಮೇಜಿಗೆ ಕೂತು ಪತ್ರಿಕೆಯಲ್ಲಿ ಕುದುರೆಗಳ ಹೆಸರು ಓದುತ್ತಿದ್ದ. ಅಮ್ಮ ತಿರುಗಿದವಳು ಕೈಯಲ್ಲಿದ್ದ ಸೌಟು ಕೆಡವಿದಳು.

‘ಅಯ್ಯೋ ದೇವರೇ, ರಕ್ತ!’

‘ನಂದಲ್ಲ ಅಮ್ಮಾ.’

‘ನಿಂದಲ್ವಾ?’ ಅವಳು ಅವನ ಮುಖ, ಕೊರಳು, ಕೈಗಳನ್ನು ತಡವಿ ನೋಡಿದಳು. ‘ದೇವರು ದೊಡ್ಡವನು. ಬಿಚ್ಚಿಕೊಡು, ತಣ್ಣೀರಿಗೆ ಹಾಕ್ತೀನಿ.’

ಮರ್ವಿನ್ ಬಿಚ್ಚಲಿಲ್ಲ. ಅಣ್ಣನ ಎದುರು ಹೋಗಿ ನಿಂತ. ‘ಆ ಹಾಡು ಬರೆದದ್ದು ನಾನು,’ ಅಂದ. ದನಿ ನಡುಗಲಿಲ್ಲ. ಎಷ್ಟು ಸುಲಭವಾಗಿತ್ತು ಈಗ.

ವಿಕ್ಟರ್ ಪತ್ರಿಕೆ ಮಡಚಿದ. ‘ಗೊತ್ತು,’ ಅಂದ.

‘ಏನು ಗೊತ್ತು?’

‘ಬೂಟಿಗೆ ಹಲ್ಲು ಅಂಟಿದ್ದನ್ನ ಈ ಮನೆಯಲ್ಲಿ ನೋಡಿದವನು ನೀನೊಬ್ಬನೇ. ಬೆಳಿಗ್ಗೆ ಕೇಳುವಾಗ್ಲೇ ಗೊತ್ತಿತ್ತು ನನಗೆ.’ ಅವನು ಕಣ್ಣುಜ್ಜಿಕೊಂಡ, ದಣಿದವನಂತೆ ಕಂಡ. ‘ಸ್ಟಾನ್ಲಿಗೆ ಆ ಹಾಡು ನಿನ್ನೆಯೇ ಎಲ್ಲೋ ಕಿವಿಗೆ ಬಿದ್ದಿತ್ತು. ಎಲ್ಲರೂ ನಮ್ಮನ್ನ ನೋಡಿ ನಗ್ತಿದ್ರಂತೆ. ಇವತ್ತು ಅವನಿಗೆ ಯಾರಾದ್ರೂ ಒಬ್ಬರ ಹೆಸರು ಕೊಡಲೇಬೇಕಿತ್ತು ನಾನು. ನೀನು ಕೊಟ್ಟೆ. ನಿನ್ನ ಕೂದಲು ಕೊಂಕಿದ್ರೆ ಒಬ್ಬೊಬ್ಬರನ್ನೂ ಸುಡ್ತೀನಿ ಅಂತ ಹೇಳಿ ಕಳಿಸಿದ್ದೆ. ಕೂತ್ಕೋ. ಊಟ ಮಾಡು.’

ಅವನು ಕುರ್ಚಿಯನ್ನು ಕಾಲಿಂದ ಹೊರಗೆ ತಳ್ಳಿಕೊಟ್ಟ. ಮರ್ವಿನ್ ಹೊಡೆದ. ಜೀವಮಾನದಲ್ಲಿ ಯಾರನ್ನೂ ಹೊಡೆದವನಲ್ಲ; ಮುಷ್ಟಿ ಅಣ್ಣನ ಹಲ್ಲಿಗೆ ಬಿದ್ದು ತನ್ನ ಕೈಯೇ ಮುರಿದಂತೆ ನೋವು ಭುಜದವರೆಗೆ ಹತ್ತಿತು. ಅಮ್ಮ ಕೂಗಿದಳು. ವಿಕ್ಟರ್ ಅಲುಗಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕೂತಿದ್ದ. ತುಟಿಯಿಂದ ರಕ್ತ ಗದ್ದಕ್ಕಿಳಿದು ಪತ್ರಿಕೆಯ ಮೇಲೆ ತೊಟ್ಟಿಕ್ಕಿತು. ತಮ್ಮನ ಮುಷ್ಟಿಯನ್ನು ನೋಡಿ ಬೇಸರದಿಂದ ತಲೆಯಾಡಿಸಿದ.

‘ಹೆಬ್ಬೆರಳು ಒಳಗಿಟ್ಕೊಂಡು ಹೊಡೀಬಾರದು ಕಣೋ,’ ಅಂದ. ‘ಮುರೀತದೆ. ಹೊರಗೆ ತೆಗಿ.’

ಮರ್ವಿನ್ ಹೆಬ್ಬೆರಳನ್ನು ಹೊರಗೆ ತೆಗೆದ. ಮತ್ತೆ ಹೊಡೆದ. ಈ ಸಲ ಕೈ ನೋಯಲಿಲ್ಲ.